ಕಾರು ಮಾಮೂಲಿಗಿಂತ ಜಾಸ್ತಿ ಬಿಸಿಯಾಗುತ್ತಿದೆಯಾ? ಮೊದಲು ‘ಯಾವಾಗ’ ಅಂತ ನೋಡಿ

ನನ್ನ ಹಳೆಯ ಕಾರು ಒಂದು ಬೇಸಿಗೆ ಪೂರ್ತಿ ಕಾಡಿತ್ತು. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ನಿಂತರೆ ಸಾಕು, ಹೀಟ್ ಮೀಟರಿನ ಮುಳ್ಳು ನಿಧಾನಕ್ಕೆ ಮೇಲೇರುತ್ತಿತ್ತು. ಮೊದಲ ಗ್ಯಾರೇಜಿನಲ್ಲಿ ಕೂಲಂಟ್, ಅಂದರೆ ಇಂಜಿನ್ ತಣಿಸಲು ಒಳಗೆ ಸುತ್ತುವ ಬಣ್ಣದ ನೀರು, ಬದಲಿಸಿದರು. ಎರಡನೆಯ ಕಡೆ ಆ ನೀರು ಬಿಸಿಯಾದಾಗ ದಾರಿ ತೆರೆಯುವ ವಾಲ್ವ್, ಥರ್ಮೋಸ್ಟಾಟ್, ಹೊಸದು ಬಂತು. ಮೂರನೆಯ ಕಡೆ ಆ ನೀರನ್ನು ಗಾಳಿಗೆ ತಣಿಸುವ ರೇಡಿಯೇಟರೇ ಹೊಸದು. ದುಡ್ಡು ಹೋಯಿತು, ಬಿಸಿ ಹೋಗಲಿಲ್ಲ. ಕೊನೆಗೆ ವಯಸ್ಸಾದ ಮೆಕ್ಯಾನಿಕ್ ಒಬ್ಬರು ಬಾನೆಟ್ಟಿಗೆ ಕೈ ಹಾಕುವ ಮೊದಲೇ ಕೇಳಿದರು: “ಯಾವಾಗ ಹೀಟ್ ಆಗುತ್ತೆ ಸಾರ್? ನಿಂತಾಗಲೋ, ಓಡುವಾಗಲೋ?”

ಅಲ್ಲಿಯವರೆಗೆ ಯಾರೂ ಆ ಪ್ರಶ್ನೆ ಕೇಳಿರಲಿಲ್ಲ. ನಾನೂ ಯೋಚಿಸಿರಲಿಲ್ಲ. ರೋಗ ಏನಾಗಿತ್ತು ಅನ್ನುವುದನ್ನು ಮುಂದೆ ಹೇಳುತ್ತೇನೆ. ಆವತ್ತಿನಿಂದ ಯಾರಾದರೂ ಕಾರು ಹೀಟ್ ಆಗುತ್ತಿದೆ ಅಂದರೆ ನಾನೂ ಅದನ್ನೇ ಕೇಳುತ್ತೇನೆ. ಈ ಲೇಖನದಲ್ಲಿರುವ ಪರೀಕ್ಷೆಗಳಲ್ಲಿ ಹೆಚ್ಚಿನವನ್ನು ನೀವೇ ಮನೆ ಮುಂದೆ ಮಾಡಿ ನೋಡಬಹುದು.

ದಾರಿಯಲ್ಲೇ ಮುಳ್ಳು ಏರಿದರೆ

ಮೊದಲು ಎಸಿ ಆಫ್ ಮಾಡಿ. ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ಬ್ಲೋವರ್ ಜೋರಾಗಿ ಇಡಿ. ಏಪ್ರಿಲ್ ಬಿಸಿಲಲ್ಲಿ ಹೀಟರಾ ಅಂತ ನಗಬೇಡಿ. ಹೀಟರಿನೊಳಗೆ ಇರುವುದು ಒಂದು ಪುಟ್ಟ ರೇಡಿಯೇಟರ್. ಇಂಜಿನ್ನಿನ ಬಿಸಿಯನ್ನು ಅದು ಒಳಗೆ ನಿಮ್ಮ ಮೇಲೆ ಸುರಿಯುತ್ತದೆ. ಬೆವರು ಇಳಿದರೂ ಇಂಜಿನ್ ಉಳಿಯುತ್ತದೆ. ಕಿಟಕಿ ಇಳಿಸಿ, ಎಡಕ್ಕೆ ಬಂದು ನಿಲ್ಲಿಸಿ.

ಕೆಂಪು ದೀಪ ಹತ್ತಿದ್ದರೆ, ಹಬೆ ಬರುತ್ತಿದ್ದರೆ, ಇಂಜಿನ್ ತಕ್ಷಣ ಆಫ್ ಮಾಡಿ. ‘ಇನ್ನು ಎರಡೇ ಕಿಲೋಮೀಟರ್, ಗ್ಯಾರೇಜ್ ಸಿಗುತ್ತದೆ’ ಅನ್ನುವ ಆಸೆ ಬೇಡ. ಈಗಿನ ಇಂಜಿನ್ನುಗಳ ಹೆಡ್, ಅಂದರೆ ಸಿಲಿಂಡರುಗಳ ಮೇಲೆ ಕೂರುವ ಭಾಗ, ಅಲ್ಯೂಮಿನಿಯಂನದು. ಅತಿಯಾದ ಬಿಸಿಗೆ ಅದು ಬೆಂಡಾಗುತ್ತದೆ. ಆ ಎರಡು ಕಿಲೋಮೀಟರ್ ನೂರಾರು ರೂಪಾಯಿಯ ಕೆಲಸವನ್ನು ಹತ್ತಾರು ಸಾವಿರಕ್ಕೆ ಏರಿಸಿಬಿಡಬಹುದು.

ರೇಡಿಯೇಟರಿನ ಮುಚ್ಚಳವನ್ನು ಮಾತ್ರ ಮುಟ್ಟಬೇಡಿ. ಒಳಗಿನ ನೀರು 100 ಡಿಗ್ರಿ ದಾಟಿದ್ದರೂ ಒತ್ತಡದಿಂದಾಗಿ ಕುದಿಯದೆ ಕೂತಿರುತ್ತದೆ. ಮುಚ್ಚಳ ಸಡಿಲವಾದ ಕ್ಷಣಕ್ಕೆ ಅಷ್ಟೂ ಕುದಿದು ಮುಖಕ್ಕೆ ಚಿಮ್ಮುತ್ತದೆ. ಮೇಲೆ ಒದ್ದೆ ಗೋಣಿ ಹಾಕಿ ತಿರುಗಿಸುವ ಹಳೇ ಡ್ರೈವರುಗಳ ವಿದ್ಯೆ ನಮಗೆ ಬೇಡ. ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಕಾಯಿರಿ. ಬಿಸಿ ಇಂಜಿನ್ನಿನ ಮೇಲೆ ತಣ್ಣೀರು ಸುರಿಯುವುದೂ ಬೇಡ, ಲೋಹ ಬಿರುಕು ಬಿಡಬಹುದು.

ನಿಜವಾಗಿಯೂ ಬಿಸಿಯಾಗುತ್ತಿದೆಯಾ?

ಬಾನೆಟ್ ಮುಟ್ಟಿದರೆ ಕೈ ಸುಡುತ್ತದೆ ಅನ್ನುವುದು ಲೆಕ್ಕಕ್ಕಿಲ್ಲ. ಇಂಜಿನ್ ಆಫ್ ಮಾಡಿದ ಮೇಲೂ ಫ್ಯಾನ್ ತಿರುಗುತ್ತದೆ ಅನ್ನುವುದೂ ಬಹಳಷ್ಟು ಕಾರುಗಳಲ್ಲಿ ಮಾಮೂಲು.

ಸಾಮಾನ್ಯವಾಗಿ ಕೂಲಂಟ್ 85ರಿಂದ 100 ಡಿಗ್ರಿ ಸೆಲ್ಸಿಯಸ್ ನಡುವೆ ಓಡಾಡುತ್ತದೆ. ಆದರೆ ಮೀಟರಿನ ಮುಳ್ಳು ಇದನ್ನೆಲ್ಲ ತೋರಿಸುವುದಿಲ್ಲ. ಎಷ್ಟೋ ಕಾರುಗಳಲ್ಲಿ ಒಂದಿಷ್ಟು ಡಿಗ್ರಿ ಆಚೀಚೆಯಾದರೂ ಮುಳ್ಳು ನಡುವೆಯೇ ನಿಲ್ಲುವಂತೆ ಮಾಡಿರುತ್ತಾರೆ, ಗ್ರಾಹಕ ಸುಮ್ಮನೆ ಗಾಬರಿಯಾಗದಿರಲಿ ಅಂತ. ಹಾಗಾಗಿ ನಡುವೆ ಇರುತ್ತಿದ್ದ ಮುಳ್ಳು ಒಂದು ಗೆರೆ ಮೇಲೆ ಹೋಗಿದ್ದರೂ ಅದು ಸಣ್ಣ ವಿಷಯವಲ್ಲ. ಕೆಲವು ಹೊಸ ಕಾರುಗಳಲ್ಲಂತೂ ಮುಳ್ಳೇ ಇಲ್ಲ. ತಣ್ಣಗಿದ್ದಾಗ ನೀಲಿ ದೀಪ, ಕೈ ಮೀರಿದಾಗ ಕೆಂಪು ದೀಪ, ನಡುವೆ ಏನಾಯಿತೋ ದೇವರಿಗೇ ಗೊತ್ತು.

ಅದಕ್ಕೇ ಒಂದು ಬ್ಲೂಟೂತ್ ಒಬಿಡಿ ಸ್ಕ್ಯಾನರ್ ತೆಗೆದುಕೊಳ್ಳಿ. ಸ್ಟೇರಿಂಗ್ ಕೆಳಗಿನ ಸಾಕೆಟ್ಟಿಗೆ ಸಿಕ್ಕಿಸಿದರೆ ಕೂಲಂಟಿನ ಡಿಗ್ರಿ ಮೊಬೈಲಿನಲ್ಲೇ ಕಾಣುತ್ತದೆ. ಕಾರು ಚೆನ್ನಾಗಿದ್ದಾಗಲೇ ಒಂದು ವಾರ ನೋಡಿ ಬರೆದಿಟ್ಟುಕೊಳ್ಳಿ: ಹೈವೇಯಲ್ಲಿ ಎಷ್ಟು, ಸಿಗ್ನಲ್ಲಿನಲ್ಲಿ ಎಷ್ಟು, ಫ್ಯಾನ್ ಎಷ್ಟಕ್ಕೆ ಶುರುವಾಗುತ್ತದೆ. ನಿಮ್ಮ ಕಾರಿನ ‘ಮಾಮೂಲಿ’ ಅದು. ಸಿಗ್ನಲ್ಲಿನಲ್ಲಿ 96 ತೋರಿಸುತ್ತಿದ್ದ ಕಾರು ಈಗ ಅದೇ ಸಿಗ್ನಲ್ಲಿನಲ್ಲಿ 106 ತೋರಿಸಿದರೆ, ಮುಳ್ಳು ಅಲುಗಾಡದಿದ್ದರೂ ಏನೋ ಕೆಟ್ಟಿದೆ ಅಂತಲೇ ಅರ್ಥ. ಇನ್ನೊಂದು ಸಾಧ್ಯತೆಯೂ ಇದೆ. ತಣ್ಣಗಿನ ಕಾರು ಸ್ಟಾರ್ಟ್ ಮಾಡಿದ ಒಂದೇ ನಿಮಿಷಕ್ಕೆ ಮುಳ್ಳು ಕೆಂಪಿಗೆ ಹಾರಿದರೆ ಸೆನ್ಸರೋ ವೈರೋ ಸುಳ್ಳು ಹೇಳುತ್ತಿದೆ. ಅಷ್ಟು ಬೇಗ ಇಂಜಿನ್ ಬಿಸಿಯಾಗುವುದಿಲ್ಲ.

ಯಾವಾಗ? ಇದೇ ಮುಖ್ಯ

ಟ್ರಾಫಿಕ್ಕಿನಲ್ಲಿ ಏರುತ್ತದೆ, ಓಡಲು ಶುರುವಾದರೆ ಇಳಿಯುತ್ತದೆ. ಹಾಗಾದರೆ ಗಾಳಿಯದ್ದೇ ತೊಂದರೆ. ಓಡುವ ಕಾರಿಗೆ ಎದುರುಗಾಳಿ ಪುಕ್ಕಟೆ ಸಿಗುತ್ತದೆ. ನಿಂತಾಗ ಫ್ಯಾನೇ ಗತಿ. ನಿಂತಲ್ಲಿ ಎಸಿ ತಣ್ಣಗಿಲ್ಲ, ಓಡುವಾಗ ಚೆನ್ನಾಗಿದೆ ಅಂತಾದರೆ ಅನುಮಾನ ಇನ್ನೂ ಗಟ್ಟಿ. ಎಸಿಯ ಬಿಸಿಯನ್ನು ಹೊರಹಾಕುವ ಕಂಡೆನ್ಸರ್ ರೇಡಿಯೇಟರಿನ ಮುಂದೆಯೇ ಕೂತಿರುತ್ತದೆ, ಎರಡಕ್ಕೂ ಅದೇ ಗಾಳಿ.

ಟ್ರಾಫಿಕ್ಕಿನಲ್ಲಿ ಪರವಾಗಿಲ್ಲ, ಹೈವೇಯಲ್ಲಿ 90–100ರ ವೇಗಕ್ಕೆ ಏರುತ್ತದೆ. ಇಲ್ಲಿ ಫ್ಯಾನ್ ತಪ್ಪಿತಸ್ಥ ಅಲ್ಲ. ನೀರಿನ ಹರಿವು ಸಾಲುತ್ತಿಲ್ಲ. ಕಟ್ಟಿಕೊಂಡ ರೇಡಿಯೇಟರ್, ಅರ್ಧ ಮಾತ್ರ ತೆರೆಯುವ ಥರ್ಮೋಸ್ಟಾಟ್, ಸವೆದ ವಾಟರ್ ಪಂಪ್ ಇವುಗಳಲ್ಲೊಂದು. ಕೆಲವೊಮ್ಮೆ ಕೆಳಗಿನ ಹಳೇ ಹೋಸ್ ಪೈಪ್ ಪಂಪಿನ ಎಳೆತಕ್ಕೆ ಒಳಗೆ ಚಪ್ಪಟೆಯಾಗುತ್ತದೆ. ನಿಲ್ಲಿಸಿ ನೋಡಿದರೆ ಮತ್ತೆ ದುಂಡಗೆ! ಇದನ್ನು ಹಿಡಿಯಬೇಕಾದರೆ ಒಬ್ಬರು ನಿಂತ ಕಾರಿನ ಆಕ್ಸಿಲರೇಟರ್ ಒತ್ತಬೇಕು, ಇನ್ನೊಬ್ಬರು ಆ ಪೈಪನ್ನು ನೋಡುತ್ತಿರಬೇಕು.

ಘಾಟಿಯಲ್ಲಿ ಮಾತ್ರ ಏರುತ್ತದೆ. ಐದು ಜನ, ಡಿಕ್ಕಿ ತುಂಬ ಸಾಮಾನು, ಎಸಿ ಹಾಕಿಕೊಂಡು ಮಧ್ಯಾಹ್ನದ ಹೊತ್ತು ಗುಂಡ್ಯದಿಂದ ಶಿರಾಡಿ ಘಾಟಿ ಹತ್ತಿದರೆ ಒಂದಿಷ್ಟು ಏರುವುದು ಸಹಜ. ಮೇಲೆ ಸಕಲೇಶಪುರದ ಕಡೆ ಸಮತಟ್ಟು ಸಿಕ್ಕಿದ ಮೇಲೆ ತಾನಾಗಿ ಇಳಿದರೆ ಚಿಂತೆ ಬೇಡ. ಆದರೆ ಲಾರಿಯ ಹಿಂದೆ ನಾಲ್ಕನೇ ಗೇರಿನಲ್ಲಿ ಇಂಜಿನ್ ಗೊಣಗುತ್ತಿದ್ದರೂ ಹಾಗೇ ಎಳೆಸುವ ಅಭ್ಯಾಸ ಇದ್ದರೆ ಬಿಡಿ. ಎರಡಕ್ಕೋ ಮೂರಕ್ಕೋ ಇಳಿಸಿ. ಇಂಜಿನ್ ಚುರುಕಾಗಿ ತಿರುಗಿದರೆ ವಾಟರ್ ಪಂಪ್ ಕೂಡ ಚುರುಕಾಗಿ ತಿರುಗುತ್ತದೆ. ಹೋದ ವರ್ಷ ಆರಾಮಾಗಿ ಹತ್ತಿದ್ದ ಕಾರು ಈ ವರ್ಷ ಅದೇ ಹೊರೆಗೆ ಏದುಸಿರು ಬಿಡುತ್ತಿದೆ ಅಂದರೆ ಹೈವೇ ಪಟ್ಟಿಯ ಕಾರಣಗಳನ್ನೇ ನೋಡಬೇಕು.

ಮುಳ್ಳು ದಿಢೀರನೆ ಏರುತ್ತದೆ, ದಿಢೀರನೆ ಇಳಿಯುತ್ತದೆ, ಹೀಟರ್ ಹಾಕಿದರೆ ಇಂಜಿನ್ ಬಿಸಿಯಿದ್ದರೂ ತಣ್ಣನೆ ಗಾಳಿ ಬರುತ್ತದೆ. ಕೂಲಂಟ್ ಕಡಿಮೆಯಾಗಿದೆ ಅಥವಾ ಏರ್ ಲಾಕ್ ಆಗಿದೆ, ಅಂದರೆ ನೀರಿನ ದಾರಿಯಲ್ಲಿ ಗಾಳಿ ಸಿಕ್ಕಿಕೊಂಡಿದೆ. ಎಲ್ಲಕ್ಕಿಂತ ಬೇಗ ಗಮನ ಕೊಡಬೇಕಾದ್ದು ಇದಕ್ಕೆ. ಸೆನ್ಸರಿನ ಸುತ್ತ ನೀರೇ ಇಲ್ಲದಿದ್ದರೆ ಮುಳ್ಳು ಕೆಳಗಿದ್ದೂ ಇಂಜಿನ್ ಸುಡುತ್ತಿರಬಹುದು.

ಬೆಳಿಗ್ಗೆ, ಇಂಜಿನ್ ತಣ್ಣಗಿದ್ದಾಗ

ಬಾನೆಟ್ ಎತ್ತಿ. ಕೂಲಂಟ್ ಡಬ್ಬಿಯ ಮೇಲೆ ಎರಡು ಗೆರೆ ಇರುತ್ತವೆ, ಮಟ್ಟ ಅವುಗಳ ನಡುವೆ ಇರಬೇಕು. ಅಷ್ಟಕ್ಕೇ ನಿಲ್ಲಬೇಡಿ. ರೇಡಿಯೇಟರಿಗೆ ಬೇರೆ ಮುಚ್ಚಳ ಇದ್ದರೆ ಅದನ್ನೂ ತೆಗೆದು ನೋಡಿ. ಡಬ್ಬಿ ತುಂಬಿದ್ದು ರೇಡಿಯೇಟರ್ ಖಾಲಿ ಇರುವುದೂ ಉಂಟು. ಹಾಗಿದ್ದರೆ ಮುಚ್ಚಳ ಹಾಳಾಗಿದೆ, ಅಥವಾ ಡಬ್ಬಿಗೆ ಹೋಗುವ ಸಣ್ಣ ಪೈಪ್ ಬಿರುಕು ಬಿಟ್ಟಿದೆ.

ಆ ಮುಚ್ಚಳದ ಬಗ್ಗೆ ಒಂದು ಮಾತು. ಇಡೀ ವ್ಯವಸ್ಥೆಯಲ್ಲಿ ಬಲು ಅಗ್ಗದ ವಸ್ತು ಅದು, ಯಾರೂ ತಿರುಗಿ ನೋಡದ್ದೂ ಅದೇ. ಅದರ ಕೆಲಸ ಕುಕ್ಕರ್ ವೆಯ್ಟಿನ ಕೆಲಸ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವುದರಿಂದ ಇಲ್ಲಿ ಬರಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಅದು ಇಂಜಿನ್ನಿನ ಮಾಮೂಲಿ ಬಿಸಿಯೇ ಅಲ್ವಾ? ಮುಚ್ಚಳ ಸುಮಾರು 1 ಬಾರ್ ಒತ್ತಡ ಹಿಡಿದಿಟ್ಟುಕೊಳ್ಳುವುದರಿಂದ ಕುದಿಯುವ ಬಿಂದು 120ರ ಆಸುಪಾಸಿಗೆ ಹೋಗುತ್ತದೆ. ಅದರ ರಬ್ಬರ್ ಒಣಗಿದ್ದರೆ, ಸ್ಪ್ರಿಂಗ್ ಸೋತಿದ್ದರೆ, ಉಳಿದದ್ದೆಲ್ಲ ಸರಿಯಿದ್ದೂ ಕೂಲಂಟ್ ಕುದಿದು ಡಬ್ಬಿಯಿಂದ ಉಕ್ಕುತ್ತದೆ. ಹೊಸದನ್ನು ತರುವಾಗ ಮುಚ್ಚಳದ ಮೇಲೆ ಒತ್ತಿದ ಅಂಕಿ, 0.9 ಅಥವಾ 1.1 ಅಂತ ಇರುತ್ತದೆ, ಹಳೆಯದಕ್ಕೆ ಹೊಂದುವಂತೆ ನೋಡಿ ತನ್ನಿ.

ಇನ್ನು ಸೋರಿಕೆ. ರಾತ್ರಿ ಕಾರಿನಡಿ ಹಳೇ ರಟ್ಟಿನ ಡಬ್ಬ ಬಿಚ್ಚಿ ಹಾಸಿ ಮಲಗಿ. ಬೆಳಿಗ್ಗೆ ಹಸಿರೋ ಕೆಂಪೋ ಕಲೆ ಕಂಡರೆ ಅದರ ನೇರಕ್ಕೆ ಮೇಲೆ ನೋಡಿ. ಎಸಿ ನೀರಿಗೆ ಬಣ್ಣ ಇರುವುದಿಲ್ಲ, ಅದಕ್ಕೆ ಹೆದರಬೇಡಿ. ಹೋಸ್ ಕ್ಲಿಪ್ಪುಗಳ ಹತ್ತಿರ, ರೇಡಿಯೇಟರಿನ ಪ್ಲಾಸ್ಟಿಕ್ ಟ್ಯಾಂಕಿನ ಅಂಚಿಗೆ, ವಾಟರ್ ಪಂಪಿನ ಕೆಳಗೆ ಒಣಗಿದ ಬಿಳಿ ಅಥವಾ ಬಣ್ಣದ ಪುಡಿ ಕಂಡರೆ ಅಲ್ಲಿ ಸಣ್ಣಗೆ ಜಿನುಗುತ್ತಿದೆ. ಮುಂದಿನ ಸೀಟಿನ ಕಾಲಡಿ ಮ್ಯಾಟ್ ಒದ್ದೆಯಾಗಿ ಸಿಹಿ ವಾಸನೆ ಬಂದರೆ ಸೋರುತ್ತಿರುವುದು ಹೀಟರಿನ ಕಾಯಿಲ್.

ಲೀಕ್ ನಿಲ್ಲಿಸಲು ರೇಡಿಯೇಟರಿಗೆ ಅರಿಶಿನ ಪುಡಿ ಹಾಕುವ ಲಾರಿ ಡ್ರೈವರುಗಳ ಉಪಾಯ ನೀವೂ ಕೇಳಿರಬಹುದು. ದಪ್ಪ ಹಿತ್ತಾಳೆ ರೇಡಿಯೇಟರಿನ ಕಾಲಕ್ಕೆ ಅದು ಊರು ಮುಟ್ಟಿಸುತ್ತಿತ್ತು. ಈಗಿನ ಅಲ್ಯೂಮಿನಿಯಂ ರೇಡಿಯೇಟರಿನ ಕೊಳವೆಗಳು ಬಹಳ ಸಣ್ಣವು. ಅರಿಶಿನ ತೂತನ್ನೂ ಮುಚ್ಚುತ್ತದೆ, ದಾರಿಯನ್ನೂ ಮುಚ್ಚುತ್ತದೆ.

ಫ್ಯಾನಿನ ಪರೀಕ್ಷೆ, ಮತ್ತು ನನ್ನ ಕಾರಿನ ಕಥೆ

ಇಂಜಿನ್ ಸ್ಟಾರ್ಟ್ ಮಾಡಿ, ಎಸಿ ಹಾಕಿ. ಹೆಚ್ಚಿನ ಕಾರುಗಳಲ್ಲಿ ಕೆಲವೇ ಕ್ಷಣದಲ್ಲಿ ಫ್ಯಾನ್ ತಿರುಗಬೇಕು. ಲುಂಗಿ, ದುಪಟ್ಟಾ, ಕೈ ಎಲ್ಲ ದೂರ ಇರಲಿ. ಇಂಜಿನ್ ಆಫ್ ಆಗಿದ್ದರೂ ಫ್ಯಾನ್ ಹೇಳದೆ ಕೇಳದೆ ಶುರುವಾಗಬಹುದು.

ತಿರುಗದಿದ್ದರೆ ಮೊದಲು ಫ್ಯೂಸ್ ನೋಡಿ. ಆಮೇಲೆ ರಿಲೇ, ಅಂದರೆ ಫ್ಯಾನಿಗೆ ಕರೆಂಟ್ ಬಿಡುವ ಪುಟ್ಟ ಸ್ವಿಚ್. ಫ್ಯೂಸ್ ಬಾಕ್ಸಿನಲ್ಲಿ ಅದೇ ನಂಬರಿನ ಇನ್ನೊಂದು ರಿಲೇ, ಉದಾಹರಣೆಗೆ ಹಾರ್ನಿನದು, ಇದ್ದರೆ ಅದಲು ಬದಲು ಮಾಡಿ ನೋಡಿ. ಆಗ ತಿರುಗಿದರೆ ಕೆಟ್ಟಿರುವುದು ರಿಲೇ. ಆಗಲೂ ತಿರುಗದಿದ್ದರೆ ಎಲೆಕ್ಟ್ರಿಷಿಯನ್ ಹತ್ತಿರ ಮೋಟರಿಗೆ ಬ್ಯಾಟರಿಯಿಂದ ನೇರ ಕರೆಂಟ್ ಕೊಡಿಸಿ. ಅಲ್ಲಿ ತಿರುಗಿದರೆ ವೈರಿಂಗ್ ಅಥವಾ ಸೆನ್ಸರ್ ಕಡೆ ಹೋಗಿ, ತಿರುಗದಿದ್ದರೆ ಮೋಟರ್ ಸತ್ತಿದೆ. ಎರಡು ವೇಗದ ಫ್ಯಾನ್ ಆಗಿದ್ದರೆ ಇನ್ನೊಂದು ತಕರಾರು ಇದೆ. ನಿಧಾನದ ವೇಗಕ್ಕೆ ಇರುವ ರೆಸಿಸ್ಟರ್ ಸುಟ್ಟುಹೋದರೆ ಫ್ಯಾನ್ ಸುಮ್ಮನಿದ್ದು, ಬಿಸಿ ಬಹಳ ಏರಿದ ಮೇಲೆ ಒಮ್ಮೆಗೇ ಭೋರ್ ಅಂತ ಶುರುವಾಗುತ್ತದೆ.

ನನ್ನ ಕಾರಿನಲ್ಲಿ ಫ್ಯಾನ್ ಚೆನ್ನಾಗಿಯೇ ತಿರುಗುತ್ತಿತ್ತು. ಮೂರು ಗ್ಯಾರೇಜಿನವರೂ ನೋಡಿದ್ದರು. “ಫ್ಯಾನ್ ಓಕೆ ಸಾರ್” ಅಂದಿದ್ದರು. ನಾಲ್ಕನೆಯ ಆ ಹಿರಿಯರು ಜೇಬಿನಿಂದ ಒಂದು ಬಿಲ್ ಚೀಟಿ ತೆಗೆದು ಕಾರಿನ ಮುಂದೆ ಗ್ರಿಲ್ಲಿಗೆ ಹಿಡಿದರು. ಅದು ಗ್ರಿಲ್ಲಿಗೆ ಅಂಟಿಕೊಳ್ಳಬೇಕಿತ್ತು. ಅಂಟಲಿಲ್ಲ, ಹಾರಿ ಅವರ ಅಂಗಿಗೆ ಬಡಿಯಿತು. ರೇಡಿಯೇಟರಿನ ಹಿಂದಿರುವ ಫ್ಯಾನ್ ಹೊರಗಿನ ಗಾಳಿಯನ್ನು ಒಳಕ್ಕೆ ಎಳೆಯಬೇಕು. ನನ್ನದು ಇಂಜಿನ್ನಿನ ಬಿಸಿಗಾಳಿಯನ್ನೇ ರೇಡಿಯೇಟರಿನ ಮೂಲಕ ಹೊರಕ್ಕೆ ಊದುತ್ತಿತ್ತು. ಆರು ತಿಂಗಳ ಹಿಂದೆ ಮೋಟರ್ ಬದಲಿಸಿದಾಗ ಕನೆಕ್ಟರ್ ಹೊಂದಲಿಲ್ಲ ಅಂತ ವೈರ್ ಕತ್ತರಿಸಿ ಸುತ್ತಿದ್ದರು, ಪ್ಲಸ್ಸು ಮೈನಸ್ಸು ಅದಲು ಬದಲಾಗಿತ್ತು. ಹತ್ತು ನಿಮಿಷದ ಕೆಲಸ. ಅವರು ತೆಗೆದುಕೊಂಡದ್ದು ನೂರು ರೂಪಾಯಿ, ಅದೂ ನಾನು ಬಲವಂತ ಮಾಡಿದ್ದಕ್ಕೆ. ಈಗ ಯಾರ ಕಾರಿನ ಫ್ಯಾನ್ ‘ಓಕೆ’ ಅಂದರೂ ನಾನು ಕಾಗದ ಹಿಡಿದು ನೋಡದೆ ಬಿಡುವುದಿಲ್ಲ.

ಫ್ಯಾನ್ ಸರಿಯಿದ್ದರೆ ಗಾಳಿ ಬರುವ ದಾರಿ ನೋಡಿ. ಸುಗ್ಗಿ ಕಾಲದಲ್ಲಿ ಹಳ್ಳಿ ರಸ್ತೆಗಳ ಮೇಲೆ ಹುರುಳಿ, ರಾಗಿ ಹರಡಿರುತ್ತಾರಲ್ಲ, ಅದರ ಮೇಲೆ ಓಡಿಸಿಕೊಂಡು ಬಂದರೆ ಹೊಟ್ಟು ಕಂಡೆನ್ಸರಿನ ಸಂದಿಗಳಲ್ಲಿ ತುಂಬಿಕೊಳ್ಳುತ್ತದೆ. (ಕಾರಿನ ಕೆಳಗೂ ಬಗ್ಗಿ ನೋಡಿ. ಸೈಲೆನ್ಸರಿಗೆ ಸುತ್ತಿಕೊಂಡ ಒಣಹುಲ್ಲು ಬೆಂಕಿ ಹಿಡಿಯಬಹುದು.) ಮಳೆಗಾಲದ ಕೆಸರು, ಹುಳಹುಪ್ಪಟೆ, ಕಂಡೆನ್ಸರಿಗೂ ರೇಡಿಯೇಟರಿಗೂ ನಡುವೆ ಸಿಕ್ಕಿಕೊಂಡ ಕಸ, ಎಲ್ಲ ಸೇರಿ ಕಂಬಳಿ ಹೊದಿಸಿದಂತೆ ಆಗಿರುತ್ತದೆ. ಸಾಧಾರಣ ಪೈಪಿನ ನೀರಿನಲ್ಲಿ, ಆದಷ್ಟು ಇಂಜಿನ್ ಕಡೆಯಿಂದ ಹೊರಕ್ಕೆ ತೊಳೆಯಿರಿ. ವಾಟರ್ ಸರ್ವಿಸಿನ ಪ್ರೆಷರ್ ಗನ್ ಹತ್ತಿರದಿಂದ ಹಿಡಿದರೆ ತೆಳ್ಳನೆ ಫಿನ್ನುಗಳು ಮಡಿಚಿಕೊಂಡು ಗಾಳಿಯ ದಾರಿ ಇನ್ನಷ್ಟು ಮುಚ್ಚುತ್ತದೆ.

ನೀರು ಹರಿಯುತ್ತಿದೆಯಾ?

ತಣ್ಣಗಿನ ಇಂಜಿನ್ ಸ್ಟಾರ್ಟ್ ಮಾಡಿ, ರೇಡಿಯೇಟರಿನ ಮೇಲಿನ ಹೋಸನ್ನು ಬಟ್ಟೆ ಹಿಡಿದು ಆಗಾಗ ಮುಟ್ಟಿ ನೋಡಿ. ಹೆಚ್ಚಿನ ಕಾರುಗಳಲ್ಲಿ ಅದು ಮೊದಲು ತಣ್ಣಗೇ ಇರುತ್ತದೆ. ಇಂಜಿನ್ 82–88 ಡಿಗ್ರಿ ಮುಟ್ಟಿದಾಗ ಥರ್ಮೋಸ್ಟಾಟ್ ತೆರೆದು ಹೋಸ್ ಬೇಗ ಬೇಗ ಬಿಸಿಯಾಗುತ್ತದೆ. ಸ್ಕ್ಯಾನರ್ 100 ದಾಟಿದ್ದರೂ ರೇಡಿಯೇಟರ್ ಕಡೆಯ ಹೋಸ್ ತಣ್ಣಗಿದ್ದರೆ ಥರ್ಮೋಸ್ಟಾಟ್ ಮುಚ್ಚಿಕೊಂಡೇ ಕೂತಿದೆ. ಬಿಚ್ಚಿಸಿದ ಮೇಲೂ ಅನುಮಾನವಿದ್ದರೆ ದಾರ ಕಟ್ಟಿ ಪಾತ್ರೆಯ ನೀರಿನಲ್ಲಿ ಇಳಿಬಿಟ್ಟು ಕಾಯಿಸಿ. ಅದರ ಮೇಲೆ ಒತ್ತಿರುವ ಡಿಗ್ರಿಯ ಹತ್ತಿರ ಬಾಯಿ ಬಿಡಲು ಶುರು ಮಾಡಬೇಕು.

‘ನಮ್ಮ ಊರಿಗೆ ಥರ್ಮೋಸ್ಟಾಟ್ ವಾಲ್ವ್ ಬೇಡ ಸಾರ್, ತೆಗೆದು ಬಿಸಾಕಿ’ ಅನ್ನುವವರು ಪ್ರತಿ ಊರಲ್ಲೂ ಇದ್ದಾರೆ. ಒಪ್ಪಬೇಡಿ. ವಾಲ್ವ್ ಇಲ್ಲದ ಇಂಜಿನ್ ಸರಿಯಾದ ಬಿಸಿಗೆ ಬರಲು ಒದ್ದಾಡುತ್ತದೆ. ಕಂಪ್ಯೂಟರ್ ಅದನ್ನು ಇನ್ನೂ ತಣ್ಣಗಿದೆ ಅಂದುಕೊಂಡು ಜಾಸ್ತಿ ಇಂಧನ ಸುರಿಯುತ್ತದೆ, ಮೈಲೇಜ್ ಬೀಳುತ್ತದೆ. ಕೆಲವು ಇಂಜಿನ್ನುಗಳಲ್ಲಂತೂ ವಾಲ್ವ್ ತೆಗೆದರೆ ನೀರು ರೇಡಿಯೇಟರಿಗೆ ಹೋಗದೆ ಅಡ್ಡದಾರಿಯಲ್ಲೇ ಸುತ್ತಿ ಬಿಸಿ ಇನ್ನೂ ಏರುತ್ತದೆ.

ರೇಡಿಯೇಟರ್ ಒಳಗೆ ಕಟ್ಟಿಕೊಂಡಿದೆಯಾ ಅಂತ ತಿಳಿಯಲು ಇನ್‌ಫ್ರಾರೆಡ್ ಥರ್ಮಾಮೀಟರ್ ಒಳ್ಳೆಯದು. ಕೊರೋನಾ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದ ಗನ್ ಅಲ್ಲ, ಅದು ಜ್ವರ ನೋಡಲು ಮಾಡಿದ್ದು. ಬಿಸಿ ರೇಡಿಯೇಟರಿನ ಮೇಲೆ ಒಂದು ಬದಿಯಿಂದ ಇನ್ನೊಂದು ಬದಿಗೆ ಹಿಡಿಯುತ್ತ ಹೋದರೆ ಬಿಸಿ ನಿಧಾನವಾಗಿ ಇಳಿಯುತ್ತ ಬರಬೇಕು. ನಡುವೆ ಒಂದು ಕಡೆ ಮಾತ್ರ ತಣ್ಣಗಿದ್ದರೆ ಅಲ್ಲಿ ನೀರು ಹರಿಯುತ್ತಿಲ್ಲ.

ಕಟ್ಟಿಕೊಳ್ಳಲು ಮುಖ್ಯ ಕಾರಣ ಬೋರ್‌ವೆಲ್ ನೀರು. ಹಂಡೆಯ ತಳದಲ್ಲಿ, ಗೀಸರಿನ ಕಾಯಿಲಿನಲ್ಲಿ ಬಿಳಿ ಪೊರೆ ಕಟ್ಟುವುದನ್ನು ನೋಡಿದ್ದೀರಲ್ಲ, ಅದೇ ಪೊರೆ ರೇಡಿಯೇಟರಿನಲ್ಲೂ ಕಟ್ಟುತ್ತದೆ. ದಾರಿಯಲ್ಲಿ ಕೈಕೊಟ್ಟಾಗ, ಇಂಜಿನ್ ತಣಿದ ಮೇಲೆ, ಸಿಕ್ಕಿದ ಕುಡಿಯುವ ನೀರು ಹಾಕಿ ಮನೆ ಸೇರಿ. ಆದರೆ ಅದನ್ನೇ ಖಾಯಂ ಮಾಡಬೇಡಿ.

ವಾಟರ್ ಪಂಪಿನ ವಿಷಯ ಚಿಕ್ಕದು: ಬೆಲ್ಟ್ ಸಡಿಲವಾಗಿದೆಯಾ, ಪಂಪಿನ ಕಡೆಯಿಂದ ಕರಕರ ಸದ್ದು ಬರುತ್ತಿದೆಯಾ, ಅದರ ಸಣ್ಣ ತೂತಿನಿಂದ ಕೂಲಂಟ್ ತೊಟ್ಟಿಕ್ಕುತ್ತಿದೆಯಾ ನೋಡಿ. ಟೈಮಿಂಗ್ ಬೆಲ್ಟಿನಿಂದಲೇ ತಿರುಗುವ ಪಂಪ್ ಆದರೆ ಆ ಬೆಲ್ಟ್ ಬದಲಿಸುವಾಗ ಪಂಪನ್ನೂ ಬದಲಿಸಿಬಿಡುವುದು ಲೇಸು.

ಎಲ್ಲರೂ ಹೆದರುವ ಹೆಡ್ ಗ್ಯಾಸ್ಕೆಟ್

ಹೊರಗೆ ಎಲ್ಲೂ ಸೋರುತ್ತಿಲ್ಲ, ಆದರೂ ಕೂಲಂಟ್ ಕಡಿಮೆಯಾಗುತ್ತಲೇ ಇದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಇಂಜಿನ್ ಒಂದೆರಡು ನಿಮಿಷ ತಡವರಿಸುತ್ತದೆ. ಸ್ಟಾರ್ಟ್ ಮಾಡಿ ಇನ್ನೂ ಬಿಸಿಯಾಗುವ ಮೊದಲೇ ಹೋಸುಗಳು ಕಲ್ಲಿನಂತೆ ಗಟ್ಟಿಯಾಗುತ್ತವೆ. ಡಬ್ಬಿಯಲ್ಲಿ ಗುಳ್ಳೆ ಏಳುತ್ತಲೇ ಇರುತ್ತವೆ. ಸೈಲೆನ್ಸರಿನಿಂದ ಬಿಳಿ ಹೊಗೆ, ಸಿಹಿ ವಾಸನೆ. ಇವುಗಳಲ್ಲಿ ಎರಡು ಮೂರು ಒಟ್ಟಿಗೆ ಕಂಡರೆ ಹೆಡ್ ಗ್ಯಾಸ್ಕೆಟ್, ಅಂದರೆ ಹೆಡ್ಡಿಗೂ ಅದರ ಕೆಳಗಿನ ಇಂಜಿನ್ ಬ್ಲಾಕಿಗೂ ನಡುವಿನ ಸೀಲ್, ಹೋಗಿದೆ ಅಂತ ಅನುಮಾನಿಸಬೇಕು. ಡಿಸೆಂಬರಿನ ಮಡಿಕೇರಿಯಲ್ಲಿ ಬೆಳಿಗ್ಗೆ ಬರುವ ಬಿಳಿ ಹೊಗೆ ಮಾತ್ರ ಬರೀ ಆವಿ, ಐದು ಹತ್ತು ನಿಮಿಷಕ್ಕೆ ನಿಲ್ಲುತ್ತದೆ.

ಆಯಿಲ್ ಮುಚ್ಚಳದಡಿ ಹಾಲು ಹಾಕಿದ ಕಾಫಿಯ ಬಣ್ಣದ ಲೋಳೆ ಕಂಡರೂ ಇದೇ ಅನುಮಾನ. ಆದರೆ ದಿನಾ ಎರಡು ಕಿಲೋಮೀಟರ್ ಮಾತ್ರ ಓಡುವ ಕಾರಿನಲ್ಲಿ ತೇವ ಸೇರಿಯೂ ಸ್ವಲ್ಪ ಹಾಗಾಗುತ್ತದೆ. ಅದಕ್ಕೇ ಡಿಪ್‌ಸ್ಟಿಕ್ ಎಳೆದು ಅಲ್ಲಿನ ಆಯಿಲನ್ನೂ ನೋಡಿ.

ಹೆಡ್ ಬಿಚ್ಚಿಸಲು ಒಪ್ಪುವ ಮೊದಲು ಒಂದು ಪರೀಕ್ಷೆ ಕೇಳಿ. ರೇಡಿಯೇಟರಿನ ಬಾಯಿಗೆ ನೀಲಿ ದ್ರವದ ಒಂದು ಕೊಳವೆ ಇಟ್ಟು ಒಳಗಿನ ಗಾಳಿಯನ್ನು ಎಳೆಯುತ್ತಾರೆ. ಸಿಲಿಂಡರಿನ ಹೊಗೆ ಕೂಲಂಟಿಗೆ ಸೇರುತ್ತಿದ್ದರೆ ಪೆಟ್ರೋಲ್ ಕಾರಿನಲ್ಲಿ ನೀಲಿ ಹೋಗಿ ಹಳದಿಯಾಗುತ್ತದೆ. ಇದು ಅಗ್ಗ, ಹೆಡ್ ಬಿಚ್ಚುವುದು ದುಬಾರಿ. ಬಿಚ್ಚಲೇಬೇಕಾದರೆ ಹೆಡ್ಡನ್ನು ಲೇತ್ ಶಾಪಿನಲ್ಲಿ ಪರೀಕ್ಷಿಸಿ ಬೇಕಿದ್ದರೆ ಅದರ ಮೈ ಮಟ್ಟಸ ಮಾಡುವ ಫೇಸಿಂಗ್ ಮಾಡಿಸಿ. ಬೆಂಡಾದ ಹೆಡ್ಡಿಗೆ ಹೊಸ ಗ್ಯಾಸ್ಕೆಟ್ ಹಾಕಿದರೆ ಕೆಲವೇ ದಿನಕ್ಕೆ ಮತ್ತೆ ಅದೇ ಕಥೆ.

ಕೂಲಿಂಗಿಗೆ ಸಂಬಂಧವೇ ಇಲ್ಲದ ಕಾರಣಗಳೂ ಇವೆ. ಬ್ರೇಕ್ ಜಾಮ್ ಆಗಿ ಚಕ್ರ ಹಿಡಿದುಕೊಂಡಿದ್ದರೆ, ಆಯಿಲ್ ತೀರಾ ಕಡಿಮೆಯಾಗಿದ್ದರೆ, ಸೈಲೆನ್ಸರ್ ಒಳಗೆ ಕಟ್ಟಿಕೊಂಡಿದ್ದರೆ ಇಂಜಿನ್ ಸುಮ್ನೆ ಜಾಸ್ತಿ ದುಡಿದು ಬಿಸಿಯಾಗುತ್ತದೆ. ಸ್ವಲ್ಪ ದೂರ ಓಡಿಸಿ ನಿಲ್ಲಿಸಿ, ನಾಲ್ಕೂ ಚಕ್ರದ ಹತ್ತಿರ ಕೈ ತನ್ನಿ, ಮುಟ್ಟುವುದು ಬೇಡ. ಒಂದು ಮಾತ್ರ ಕೆಂಡದಂತಿದ್ದರೆ ಉತ್ತರ ಸಿಕ್ಕಿತು.

ಮತ್ತೆ ತುಂಬಿಸುವಾಗ

ಬಣ್ಣ ನೋಡಿ ಕೂಲಂಟ್ ಕೊಳ್ಳಬೇಡಿ. ಹಸಿರು, ಕೆಂಪು, ನೀಲಿ ಅನ್ನುವುದು ಕಂಪನಿಗಳ ಇಷ್ಟ. ಬೇರೆ ಬೇರೆ ಜಾತಿಯವು ಬೆರೆತರೆ ಒಳಗೆ ಲೋಳೆ ಕಟ್ಟಬಹುದು. ಕಾರಿನ ಪುಸ್ತಕದಲ್ಲಿ ಹೇಳಿದ್ದನ್ನೇ ತನ್ನಿ. ಡಬ್ಬದ ಮೇಲೆ ರೆಡಿ ಮಿಕ್ಸ್ ಅಂತಿದ್ದರೆ ನೀರು ಬೆರೆಸಬೇಡಿ. ಕಾನ್ಸಂಟ್ರೇಟ್ ಆಗಿದ್ದರೆ ಡಬ್ಬದ ಮೇಲಿನ ಅಳತೆಯಂತೆ ಡಿಸ್ಟಿಲ್ಡ್ ವಾಟರ್ ಬೆರೆಸಿ.

ನಿಧಾನಕ್ಕೆ ಸುರಿಯಿರಿ. ಗಾಳಿ ಬಿಡುವ ಸ್ಕ್ರೂ ಇದ್ದರೆ ಸಡಿಲ ಮಾಡಿ, ಗುಳ್ಳೆ ನಿಂತು ಕೂಲಂಟ್ ಬಂದ ಮೇಲೆ ಬಿಗಿ ಮಾಡಿ. ಹೀಟರನ್ನು ಬಿಸಿಗಿಟ್ಟು ಇಂಜಿನ್ ಓಡಿಸಿ, ಫ್ಯಾನ್ ಎರಡು ಸಲ ಬಂದು ಹೋಗುವವರೆಗೆ ಕಾಯಿರಿ. ಹೀಟರಿನಿಂದ ಚೆನ್ನಾಗಿ ಬಿಸಿಗಾಳಿ ಬಂದರೆ ಏರ್ ಲಾಕ್ ಇಲ್ಲ. ಮಾರನೇ ದಿನ ಬೆಳಿಗ್ಗೆ ಮಟ್ಟ ಸ್ವಲ್ಪ ಇಳಿದಿರುತ್ತದೆ, ಒಳಗಿದ್ದ ಗಾಳಿ ಹೊರಬಂದದ್ದು ಅದು. ತುಂಬಿಸಿ, ಡಬ್ಬಿಯ ಮೇಲೆ ಪೆನ್ನಿನಲ್ಲಿ ಒಂದು ಗೆರೆ ಎಳೆಯಿರಿ. ಒಂದು ವಾರದ ನಂತರವೂ ಮಟ್ಟ ಆ ಗೆರೆಯಿಂದ ಇಳಿಯುತ್ತಿದ್ದರೆ ಮತ್ತೆ ಕಾರಿನಡಿ ರಟ್ಟು ಹಾಸಿ.